ಜಾನುವಾರುಗಳ ಉಣ್ಣೆ: ಕರ್ನಾಟಕದ ಪ್ರಭೇದಗಳು ಮತ್ತು ಅವುಗಳ ಋತುಮಾನ

ದನ, ಎಮ್ಮೆ, ಕುರಿ, ಮೇಕೆಗಳ ಮೈಗೆ ಕಚ್ಚಿಕೊಂಡು ರಕ್ತ ಹೀರಿ ಬದುಕುವ ಬಾಹ್ಯ ಪರೋಪಜೀವಿ ಉಣ್ಣೆ. ಮಲೆನಾಡಿನವರು ಇದನ್ನು ಉಣುಗು ಎನ್ನುತ್ತಾರೆ. ರೂಢಿಯಲ್ಲಿ ಹುಳು ಎಂದು ಕರೆದರೂ ಇದು ಕೀಟವಲ್ಲ. ಜೇಡ, ಚೇಳು, ನುಸಿಗಳ ಬಳಗಕ್ಕೆ ಸೇರಿದ್ದು. ಪ್ರಪಂಚದಲ್ಲಿ ಸುಮಾರು 900 ಪ್ರಭೇದಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ನೂರಕ್ಕೂ ಹೆಚ್ಚು ಭಾರತದಲ್ಲಿವೆ. ಬೆನ್ನಿನ ಮೇಲೆ ಗಟ್ಟಿ ಫಲಕ ಹೊತ್ತ ಇಕ್ಸೋಡಿಡೆ ಮತ್ತು ಫಲಕವಿಲ್ಲದೆ ತೊಗಲಿನಂಥ ಮೈಯುಳ್ಳ ಆರ್ಗಾಸಿಡೆ ಇವುಗಳ ಎರಡು ಮುಖ್ಯ ಕುಟುಂಬಗಳು. ದನಕುರಿಗಳನ್ನು ಕಾಡುವವು ಹೆಚ್ಚಾಗಿ ಮೊದಲನೆಯ ಕುಟುಂಬದವು. ಭಾರತದ ಗಟ್ಟಿಮೈಯ ಉಣ್ಣೆಗಳನ್ನು ಇಂಡಿಯನ್ ಮ್ಯೂಸಿಯಂನ ಸಂಗ್ರಹದ ಆಧಾರದ ಮೇಲೆ ಎಂ. ಷರೀಫ್ 1928ರಲ್ಲಿ ಕ್ರಮಬದ್ಧವಾಗಿ ವರ್ಗೀಕರಿಸಿದರು. ಆಮೇಲೆ ಹಲವು ಹೆಸರುಗಳು ಬದಲಾಗಿವೆ.

ಉಣ್ಣೆಯ ಋತುಮಾನವನ್ನು ತಿಳಿಯಬೇಕಾದರೆ ಮೊದಲು ನೆಲವನ್ನು ನೋಡಬೇಕು. ದನದ ಮೈಮೇಲೆ ಕಾಣುವುದು ಅದರ ಬಾಳಿನ ಸಣ್ಣ ಭಾಗ ಮಾತ್ರ. ಮೊಟ್ಟೆ ಇಡುವುದು, ಮರಿಯೊಡೆಯುವುದು, ಹಸಿದು ಕಾಯುವುದು, ಬಹುಪಾಲು ಪ್ರಭೇದಗಳಲ್ಲಿ ಪೊರೆ ಕಳಚುವುದು, ಇದೆಲ್ಲ ನಡೆಯುವುದು ಹುಲ್ಲಿನ ಬುಡದಲ್ಲಿ, ತರಗೆಲೆಯ ಕೆಳಗೆ, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ. ದನದ ಮೈಯ ಶಾಖ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಬಿಸಿಲು, ಮಳೆ, ಚಳಿಗಳು ಉಣ್ಣೆಯನ್ನು ಹಿಡಿದಾಡಿಸುವುದು ಅದು ನೆಲದ ಮೇಲಿದ್ದಾಗ. ಒಂದೇ ಊರಿನ ಒಂದೇ ಹಸುವಿನ ಮೇಲೆ ಬೇಸಿಗೆಯಲ್ಲಿ ಒಂದು ಜಾತಿ, ಮಳೆಗಾಲದಲ್ಲಿ ಇನ್ನೊಂದು ಜಾತಿ ಹೆಚ್ಚಾಗುವುದೂ ಇದರಿಂದಲೇ.

ಬಾಳಿನ ಹಂತಗಳು

ಮೊಟ್ಟೆಯಿಂದ ಹೊರಬರುವ ಲಾರ್ವಕ್ಕೆ ಆರು ಕಾಲು. ಅದು ರಕ್ತ ಕುಡಿದು ಪೊರೆ ಕಳಚಿದರೆ ಎಂಟು ಕಾಲಿನ ನಿಂಫ್, ನಿಂಫ್ ಮತ್ತೆ ರಕ್ತ ಕುಡಿದು ಪೊರೆ ಕಳಚಿದರೆ ಪ್ರೌಢ ಉಣ್ಣೆ. ಪ್ರತಿ ಹಂತಕ್ಕೂ ಒಂದು ಊಟ ಬೇಕು. ಮೂರು ಊಟಗಳನ್ನೂ ಒಂದೇ ಪ್ರಾಣಿಯ ಮೇಲೆ ಮುಗಿಸುವ ಪ್ರಭೇದಗಳಿವೆ. ಪ್ರತಿ ಊಟವಾದ ಮೇಲೂ ನೆಲಕ್ಕೆ ಬಿದ್ದು ಪೊರೆ ಕಳಚಿ ಹೊಸ ಪ್ರಾಣಿಯನ್ನು ಹುಡುಕುವ ಪ್ರಭೇದಗಳೂ ಇವೆ. ಮೊದಲನೆಯದನ್ನು ಏಕ ಆತಿಥೇಯ ಉಣ್ಣೆ, ಎರಡನೆಯದನ್ನು ತ್ರಿ ಆತಿಥೇಯ ಉಣ್ಣೆ ಎನ್ನುತ್ತಾರೆ. ಹೊಟ್ಟೆ ತುಂಬಿದ ಹೆಣ್ಣು ತನ್ನ ಹಸಿದ ತೂಕದ ನೂರು ಪಟ್ಟಿಗೂ ಮೀರಿ ಊದಿಕೊಂಡು ಹರಳು ಬೀಜದಷ್ಟಾಗಿ ಕೆಳಗೆ ಬೀಳುತ್ತದೆ, ತೇವವಿರುವ ಮರೆಯೊಂದನ್ನು ಹುಡುಕಿ ಸಾವಿರಾರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು ಸಾಯುತ್ತದೆ.

ಹಸಿದ ಲಾರ್ವಗಳು ಹುಲ್ಲಿನ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯುತ್ತವೆ. ಆ ಮುಂಗಾಲುಗಳಲ್ಲಿ ಹಾಲರ್ ಅಂಗವೆಂಬ ಗ್ರಾಹಕವಿದ್ದು, ಹತ್ತಿರ ಬರುವ ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡು, ಮೈವಾಸನೆ, ಬಿಸಿ ಇವುಗಳನ್ನು ಅದು ಗ್ರಹಿಸುತ್ತದೆ. ಕಾಯುತ್ತಿರುವಾಗ ಅವುಗಳಿಗಿರುವ ದೊಡ್ಡ ಅಪಾಯ ಹಸಿವಿಗಿಂತ ಒಣಗುವಿಕೆ. ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ ಅದನ್ನೇ ಹೀರಿಕೊಂಡು ತಿಂಗಳುಗಟ್ಟಲೆ ಬದುಕುತ್ತವೆ. ಸುಡುಬಿಸಿಲಿನ ಬರಡು ನೆಲದಲ್ಲಿ ಬೇಗ ಸಾಯುತ್ತವೆ. ಪ್ರಭೇದದಿಂದ ಪ್ರಭೇದಕ್ಕೆ ಋತು ಬೇರೆಯಾಗಲು ಮೂಲ ಕಾರಣ ಈ ಒಣಗುವಿಕೆಯನ್ನು ತಾಳುವ ಶಕ್ತಿಯಲ್ಲಿರುವ ಅಂತರ.

ಮಳೆಗಾಲದ ದನದ ಉಣ್ಣೆ

ಕರ್ನಾಟಕದಲ್ಲಿ ದನಗಳಿಗೆ ಅತಿ ಹೆಚ್ಚು ನಷ್ಟ ಮಾಡುವುದು ರೈಪಿಸೆಫಾಲಸ್ ಮೈಕ್ರೊಪ್ಲಸ್. ಹಳೆಯ ಪಠ್ಯಗಳಲ್ಲಿ ಇದು ಬೂಫಿಲಸ್ ಮೈಕ್ರೊಪ್ಲಸ್. 2003ರಲ್ಲಿ ಬೂಫಿಲಸ್ ಕುಲವನ್ನು ರೈಪಿಸೆಫಾಲಸ್‌ಗೆ ಸೇರಿಸಲಾಯಿತು. ಇದು ಏಕ ಆತಿಥೇಯ ಉಣ್ಣೆ. ಲಾರ್ವವಾಗಿ ದನದ ಮೈ ಹತ್ತಿದರೆ ಸುಮಾರು ಮೂರು ವಾರಗಳಲ್ಲಿ ಪ್ರೌಢವಾಗಿ, ಕೂಡಿ, ಹೊಟ್ಟೆ ತುಂಬಿಸಿಕೊಂಡು ಉದುರುತ್ತದೆ. ಒಂದು ಹೆಣ್ಣು 2,000ದಿಂದ 4,000 ಮೊಟ್ಟೆ ಇಡುತ್ತದೆ. ಬೆಚ್ಚಗಿದ್ದು ತೇವವೂ ಇದ್ದರೆ ಮೂರು ನಾಲ್ಕು ವಾರಗಳಲ್ಲಿ ಲಾರ್ವಗಳು ಹೊರಬರುತ್ತವೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ತಲೆಮಾರುಗಳು ಸಾಗಬಲ್ಲವು.

ಈ ಲೆಕ್ಕವನ್ನು ನಮ್ಮ ಮಳೆಯ ಜೊತೆಗಿಟ್ಟು ನೋಡಿದರೆ ಅದರ ಏರಿಳಿತ ತಾನಾಗಿ ಬಿಡಿಸಿಕೊಳ್ಳುತ್ತದೆ. ಬೇಸಿಗೆಯ ಕೊನೆಯಲ್ಲಿ ದನದ ಮೇಲಿರುವುದು ಕೆಲವೇ ಉಣ್ಣೆಗಳು. ಮೃಗಶಿರಾ, ಆರಿದ್ರಾ ಮಳೆ ಬಿದ್ದು ಹುಲ್ಲು ಚಿಗುರಿದಾಗ ಆ ಕೆಲವು ಹೆಣ್ಣುಗಳು ಇಟ್ಟ ಮೊಟ್ಟೆಗಳು ಒಣಗದೆ ಉಳಿಯುತ್ತವೆ. ಜುಲೈ ಹೊತ್ತಿಗೆ ಹೊಸ ಲಾರ್ವಗಳು ಗೋಮಾಳದ ಹುಲ್ಲಿನಲ್ಲಿ ಕಾದಿರುತ್ತವೆ. ಅವು ಬೆಳೆದು ಮೊಟ್ಟೆಯಿಟ್ಟು ಎದ್ದ ಮುಂದಿನ ತಲೆಮಾರು ಮಳೆಗಾಲದ ಕೊನೆಗೆ, ಹಿಂಗಾರು ಶುರುವಾಗುವ ಹೊತ್ತಿಗೆ ಮೇಲೇಳುತ್ತದೆ. ರೈತರು ಬೆಚ್ಚಿ ಬಿದ್ದು ಔಷಧಿ ಅಂಗಡಿಗೆ ಓಡುವುದು ಆಗ. ಆದರೆ ಆ ರಾಶಿಗೆ ಬುಡ ಹಾಕಿದ್ದು ಮೇ, ಜೂನ್‌ನಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಹತ್ತಿಪ್ಪತ್ತು ಹೆಣ್ಣುಗಳು. ಚಳಿಗಾಲದಲ್ಲಿ ಮೊಟ್ಟೆಯ ಬೆಳವಣಿಗೆ ನಿಧಾನವಾಗಿ ಸಂಖ್ಯೆ ಕುಗ್ಗುತ್ತದೆ. ಒಳನಾಡಿನ ಮಾರ್ಚ್, ಏಪ್ರಿಲ್ ಬಿಸಿಲು ಮತ್ತಷ್ಟು ಇಳಿಸುತ್ತದೆ. ಕರಾವಳಿಯಲ್ಲೂ ಮಲೆನಾಡಿನ ತಪ್ಪಲಲ್ಲೂ ತೇವ ಪೂರ್ತಿ ಆರುವುದಿಲ್ಲವಾದ್ದರಿಂದ ಅಲ್ಲಿ ಇದು ಹನ್ನೆರಡು ತಿಂಗಳೂ ಸಿಗುತ್ತದೆ.

ಕೆಚ್ಚಲು, ತೊಡೆಸಂದು, ಬಾಲದ ಬುಡ, ಗಂಗೆದೊಗಲು, ಕಿವಿ ಇದರ ಮೆಚ್ಚಿನ ಜಾಗಗಳು. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡದಂಥ ನಾಡತಳಿಗಳ ಮೇಲೆ ಇದು ಅಷ್ಟಾಗಿ ಬೆಳೆಯುವುದಿಲ್ಲ. ಆ ದನಗಳು ಮೈ ನೆಕ್ಕಿಕೊಂಡೇ ಬಹಳಷ್ಟು ಲಾರ್ವಗಳನ್ನು ಕಳೆದುಕೊಳ್ಳುತ್ತವೆ, ಅವುಗಳ ಚರ್ಮವೂ ಕಚ್ಚಿದ ಉಣ್ಣೆಗೆ ಸರಿಯಾಗಿ ರಕ್ತ ಸಿಗದಂತೆ ಪ್ರತಿಕ್ರಿಯಿಸುತ್ತದೆ. ಮೈಕ್ರೊಪ್ಲಸ್‌ನ ತವರು ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾ. ಹಿಣಿಲಿನ ದನಗಳೂ ಅದೂ ಬಹು ಕಾಲ ಒಟ್ಟಿಗೆ ಬಾಳಿದವು. ಹೋಲ್‌ಸ್ಟೀನ್, ಜರ್ಸಿ ರಕ್ತದ ಮಿಶ್ರತಳಿ ಹಸುಗಳಿಗೆ ಆ ಅಭ್ಯಾಸವಿಲ್ಲ. ಹಾಲಿನ ಆದಾಯಕ್ಕಾಗಿ ನಾಡು ಮಿಶ್ರತಳಿಯತ್ತ ಹೊರಳಿದಾಗ ಉಣ್ಣೆಯ ಸಮಸ್ಯೆಯನ್ನೂ ಹಲವು ಪಟ್ಟು ಹೆಚ್ಚಿಸಿಕೊಂಡಿತು. ತಳಿ ಅಭಿವೃದ್ಧಿಯ ಚರ್ಚೆಗಳಲ್ಲಿ ಈ ಸಂಗತಿಗೆ ಸಿಗಬೇಕಾದ ತೂಕ ಸಿಕ್ಕಿಲ್ಲ.

ಇದೇ ಉಣ್ಣೆ ದನಗಳ ಜೊತೆ ಹಡಗೇರಿ ಹೋಗಿ ಪರದೇಶಗಳಲ್ಲೂ ನೆಲೆಯಾಗಿದೆ. ಆಸ್ಟ್ರೇಲಿಯಕ್ಕೆ ಇದು 1872ರಲ್ಲಿ ಬಟಾವಿಯದಿಂದ ಡಾರ್ವಿನ್ ಬಂದರಿಗಿಳಿದ ದನಗಳೊಂದಿಗೆ ಬಂತೆಂದು ದಾಖಲೆಯಿದೆ. ಇದರ ಹತ್ತಿರದ ನೆಂಟ ರೈಪಿಸೆಫಾಲಸ್ ಆನ್ಯುಲೇಟಸ್ ಕೇರಳದ ದನಗಳಲ್ಲಿ ಬಹಳ ಸಾಮಾನ್ಯ.

ಬೇಸಿಗೆಯ ಹಯಲೋಮ

ಕಲಬುರಗಿ, ಬೀದರ್, ರಾಯಚೂರು, ವಿಜಯಪುರದಂಥ ಬಯಲುಸೀಮೆಯ ಒಣ ಜಿಲ್ಲೆಗಳಿಗೆ ಹೊಂದಿಕೊಂಡದ್ದು ಹಯಲೋಮ ಕುಲ. ಅದರಲ್ಲಿ ಹಯಲೋಮ ಅನಟೋಲಿಕಮ್ ಮುಖ್ಯವಾದದ್ದು. ಕಂದು ಬಣ್ಣದ ದೊಡ್ಡ ಮೈ, ಪಟ್ಟೆ ಪಟ್ಟೆಯ ಉದ್ದ ಕಾಲುಗಳು, ಚುರುಕು ಓಟ ಇದರ ಗುರುತು. ಮೈಕ್ರೊಪ್ಲಸ್ ಹುಲ್ಲಿನ ಮೇಲೆ ಕುಳಿತು ಕಾದರೆ ಹಯಲೋಮದ ಪ್ರೌಢ ಉಣ್ಣೆ ನೆಲದ ಮೇಲೆ ಓಡಿ ಪ್ರಾಣಿಯನ್ನು ತಲುಪಬಲ್ಲದು. ಒಣ ಹವೆ ಮೈಕ್ರೊಪ್ಲಸ್ ಮೊಟ್ಟೆಗಳನ್ನು ಕೊಲ್ಲುವ ತಿಂಗಳುಗಳಲ್ಲಿ ಇದು ಮೇಲೇಳುತ್ತದೆ: ಬೇಸಿಗೆ ಬಿಸಿಯೇರಿದಂತೆ ಹೆಚ್ಚುತ್ತ ಮುಂಗಾರಿನ ಆರಂಭದವರೆಗೂ ಪ್ರಬಲವಾಗಿದ್ದು, ಚಳಿಗಾಲದಲ್ಲಿ ಪ್ರಾಣಿಗಳ ಮೇಲೆ ಅಪರೂಪವಾಗುತ್ತದೆ.

ಚಳಿಯಲ್ಲಿ ಅದು ಎಲ್ಲಿಗೂ ಹೋಗಿರುವುದಿಲ್ಲ. ಕೊಟ್ಟಿಗೆಯ ಮಣ್ಣಿನ ಗೋಡೆ, ಕಲ್ಲುಸಂದು, ಗೋದಲಿಯ ಬಿರುಕು, ಹಳೆಯ ಮರದ ಕಂಬದ ಸೀಳು ಇವುಗಳಲ್ಲಿ ಅಡಗಿರುತ್ತದೆ. ಆದ್ದರಿಂದ ಮೇಯಲು ಬಿಡದೆ ಕಟ್ಟಿ ಸಾಕಿದ ಹಸುವಿಗೂ ಹಯಲೋಮ ತಪ್ಪದು. ದನದ ಮೈಗೆ ಎಷ್ಟು ಔಷಧ ಬಳಿದರೂ ಕೊಟ್ಟಿಗೆಯ ಗೋಡೆ ಹಾಗೇ ಇದ್ದರೆ ಅವು ಮತ್ತೆ ಇಳಿದುಬರುತ್ತವೆ. ಬಿರುಕುಗಳಿಗೆ ಗಿಲಾವು ಮಾಡಿ, ಸುಣ್ಣ ಬಳಿದು, ಕಲ್ಲಿನ ಗೋಡೆಯಾದರೆ ಬೆಂಕಿಯ ಜ್ವಾಲೆ ಆಡಿಸಿ ಸ್ವಚ್ಛಮಾಡುವುದು ಈ ಪ್ರಭೇದದ ಮಟ್ಟಿಗೆ ಮೈಮೇಲಿನ ಔಷಧಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಅದಕ್ಕೆ ಸರಿಯಾದ ಕಾಲ ಚಳಿಗಾಲದ ಕೊನೆ.

ಹಯಲೋಮ ಹರಡುವ ಥೈಲೇರಿಯ ಆನ್ಯುಲೇಟ ಎಂಬ ಪರಾವಲಂಬಿಯಿಂದ ಬರುವ ರೋಗ ಮಿಶ್ರತಳಿ ಕರುಗಳಿಗೂ ಹಸುಗಳಿಗೂ ಮಾರಕ. ಜೋರು ಜ್ವರ, ಊದಿದ ಹಾಲ್ರಸ ಗ್ರಂಥಿಗಳು, ರಕ್ತಹೀನತೆ ಲಕ್ಷಣಗಳು. ಬುಪಾರ್ವಕ್ವೋನ್ ಚುಚ್ಚುಮದ್ದಿನ ಚಿಕಿತ್ಸೆ ಬೇಗ ಶುರುವಾದರೆ ಗುಣ ಕಾಣುತ್ತದೆ, ಆದರೆ ಆ ಔಷಧ ದುಬಾರಿ. ರಕ್ಷಾವ್ಯಾಕ್ ಟಿ ಎಂಬ ಲಸಿಕೆ ಭಾರತದಲ್ಲೇ ತಯಾರಾಗುತ್ತದೆ.

ಹಯಲೋಮದಿಂದ ಮನುಷ್ಯರಿಗೂ ಅಪಾಯವಿದೆ. 2011ರ ಜನವರಿಯಲ್ಲಿ ಗುಜರಾತಿನಲ್ಲಿ ಪತ್ತೆಯಾದ ಕ್ರಿಮಿಯನ್ ಕಾಂಗೊ ರಕ್ತಸ್ರಾವ ಜ್ವರದ ವೈರಸ್ಸನ್ನು ಈ ಕುಲದ ಉಣ್ಣೆಗಳೇ ಹೊತ್ತು ತರುತ್ತವೆ. ದನದ ಮೈಯಿಂದ ಕಿತ್ತ ಉಣ್ಣೆಯನ್ನು ಉಗುರಿನಲ್ಲಿ ಹಿಸುಕುವ ಅಭ್ಯಾಸ ಹಳ್ಳಿಗಳಲ್ಲಿ ಈಗಲೂ ಇದೆ, ಅದನ್ನು ಬಿಡಲೇಬೇಕು.

ಕಾಡಂಚಿನ ಹೀಮಾಫೈಸಾಲಿಸ್

ಮಲೆನಾಡಿನ ಉಣುಗಿನ ಕಥೆ ಬೇರೆ. ಅಲ್ಲಿಯ ಕಾಡಿನಲ್ಲಿ ಹೀಮಾಫೈಸಾಲಿಸ್ ಕುಲದ ಅನೇಕ ಪ್ರಭೇದಗಳು ಒಟ್ಟಿಗೆ ವಾಸಿಸುತ್ತವೆ: ಸ್ಪಿನಿಜೆರ, ಟರ್ಟುರಿಸ್, ಬೈಸ್ಪಿನೋಸ ಇತ್ಯಾದಿ. ಇವೆಲ್ಲ ಸಣ್ಣವು, ಕಣ್ಣಿಲ್ಲದವು, ತ್ರಿ ಆತಿಥೇಯ ಉಣ್ಣೆಗಳು. 1964ರಲ್ಲಿ ಟ್ರಾಪಿಡೊ, ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್ ವಿವರಿಸಿದ ಒಂದು ಪ್ರಭೇದ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರನ್ನೇ ಹೊತ್ತಿದೆ.

ಆ ಕಾಡಿನ ಹೆಸರು ಪ್ರಪಂಚಕ್ಕೆ ತಿಳಿದದ್ದು 1957ರಲ್ಲಿ. ಆ ವರ್ಷ ಮಂಗಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಸುತ್ತಲ ಹಳ್ಳಿಗಳ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ಜನ ಅದನ್ನು ಮಂಗನ ಕಾಯಿಲೆ ಎಂದರು, ವಿಜ್ಞಾನಿಗಳು ಕ್ಯಾಸನೂರು ಕಾಡಿನ ಕಾಯಿಲೆ ಎಂದರು. ಅದನ್ನು ಹರಡುವ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರ.

ಸ್ಪಿನಿಜೆರದ ವರ್ಷ ಅಚ್ಚುಕಟ್ಟಾಗಿ ಮೂರು ಪಾಲಾಗಿದೆ. ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಪ್ರೌಢ ಉಣುಗುಗಳು ತರಗೆಲೆಯಿಂದ ಮೇಲೆದ್ದು ಜುಲೈ, ಆಗಸ್ಟ್‌ನಲ್ಲಿ ತುಂಬಿಕೊಳ್ಳುತ್ತವೆ. ಇವು ಏರುವುದು ದೊಡ್ಡ ಪ್ರಾಣಿಗಳ ಮೇಲೆ, ಅಂದರೆ ಕಾಡಿಗೆ ಮೇಯಲು ಬಿಟ್ಟ ದನಗಳ ಮೇಲೆ, ಜೊತೆಗೆ ಕಾಡಿನ ದೊಡ್ಡ ಮೃಗಗಳ ಮೇಲೆ. ರಕ್ತ ಕುಡಿದು ಬಿದ್ದ ಹೆಣ್ಣುಗಳ ಮೊಟ್ಟೆಯೊಡೆದು ಮಳೆ ಹಿಂದಾದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲಾರ್ವಗಳು ಹೊರಬಂದು ಇಲಿ, ಅಳಿಲು, ನೆಲದ ಹಕ್ಕಿಗಳಂಥ ಸಣ್ಣ ಜೀವಿಗಳ ರಕ್ತ ಕುಡಿಯುತ್ತವೆ. ಅವುಗಳಿಂದಾದ ನಿಂಫ್‌ಗಳು ನವೆಂಬರ್‌ನಿಂದ ಕಾಣಿಸಿಕೊಂಡು ಜನವರಿ, ಫೆಬ್ರವರಿಯ ಹೊತ್ತಿಗೆ ಅತಿ ಹೆಚ್ಚಾಗಿ ಮೇವರೆಗೂ ಇರುತ್ತವೆ. ಮನುಷ್ಯರನ್ನು ಕಚ್ಚುವುದು ಈ ನಿಂಫ್‌ಗಳೇ. ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಸೌದೆ ಸಂಗ್ರಹ, ತರಗು ಗುಡಿಸುವ ಕೆಲಸಗಳಿಗೆ ಜನ ಕಾಡಿಗೂ ತೋಟದ ಅಂಚಿಗೂ ಹೋಗುವುದು ಅದೇ ತಿಂಗಳುಗಳಲ್ಲಿ. ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ತಲೆ ಎತ್ತಿ ಮಳೆ ಹಿಡಿದೊಡನೆ ಅಡಗಲು ಕಾರಣ ಇದು.

ದನಗಳಿಗೆ ಈ ವೈರಸ್ಸಿನಿಂದ ಕಾಯಿಲೆ ಬರುವುದಿಲ್ಲ, ವೈರಸ್ ಹರಡುವುದರಲ್ಲೂ ಅವುಗಳ ಪಾತ್ರ ಅಲ್ಪ. ಆದರೆ ಜುಲೈನಲ್ಲಿ ಒಂದು ದನ ಸಾಕಿದ ಪ್ರೌಢ ಉಣುಗುಗಳ ಸಂತಾನವೇ ಜನವರಿಯಲ್ಲಿ ಕೆಲಸಗಾರನ ಕಾಲು ಹತ್ತುತ್ತದೆ. ಕಾಯಿಲೆಯ ಸುದ್ದಿ ಬಂದಾಗಲೆಲ್ಲ ಎಲ್ಲರ ಕಣ್ಣು ಸತ್ತ ಮಂಗದ ಮೇಲಿರುತ್ತದೆ. ಮಂಗ ಬಿದ್ದ ಜಾಗ ಅಪಾಯದ ಜಾಗವೆಂಬುದು ನಿಜ, ಅದರ ಮೈ ತಣ್ಣಗಾದಂತೆ ಉಣುಗುಗಳು ಅಲ್ಲೇ ಇಳಿದು ಹರಡುತ್ತವೆ. ಆದರೆ ಮಳೆಗಾಲದಲ್ಲಿ ಕಾಡು ಮೇಯುವ ದನಗಳ ಉಣುಗನ್ನು ಹಿಡಿತದಲ್ಲಿಡುವುದು ಆರು ತಿಂಗಳ ಆಮೇಲಿನ ಜ್ವರಕ್ಕೂ ಸಂಬಂಧಪಟ್ಟ ಕೆಲಸ. ಪಶುವೈದ್ಯ ಇಲಾಖೆಯೂ ಆರೋಗ್ಯ ಇಲಾಖೆಯೂ ಒಂದೇ ಪಂಚಾಂಗ ಹಿಡಿದು ನಡೆಯಬೇಕಾದ ಜಾಗವಿದು. ದಶಕಗಳ ಕಾಲ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳಿಗೆ ಸೀಮಿತವೆಂದುಕೊಂಡಿದ್ದ ಈ ಕಾಯಿಲೆ 2012ರ ನಂತರ ಬಂಡೀಪುರದ ಸೀಮೆ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಕಂಡುಬಂದಿದೆ.

ಕುಲದ ಇನ್ನಿಬ್ಬರ ಬಗ್ಗೆ ಎರಡು ಮಾತು. ಹೀಮಾಫೈಸಾಲಿಸ್ ಬೈಸ್ಪಿನೋಸ ನಾಡಿನ ಎಲ್ಲ ಭಾಗಗಳಲ್ಲೂ ದನ, ಮೇಕೆಗಳ ಮೇಲೆ ಮಳೆಗಾಲದಲ್ಲಿ ಹೆಚ್ಚು. ಹೀಮಾಫೈಸಾಲಿಸ್ ಇಂಟರ್ಮೀಡಿಯ ದಖ್ಖನ್ ಪ್ರಸ್ಥಭೂಮಿಯ ಕುರಿಮೇಕೆಗಳ ಉಣ್ಣೆ; ಕಿವಿಯಂಚು, ಕಣ್ಣಿನ ಸುತ್ತ, ಗೊರಸಿನ ಸಂದು ಇದರ ಜಾಗಗಳು. ಉಣ್ಣೆ ಕಚ್ಚಿದ ಗೊರಸು ಕೀತರೆ ಕುರಿ ಕುಂಟುತ್ತದೆ, ಮಂದೆಯಿಂದ ಹಿಂದೆ ಬೀಳುತ್ತದೆ.

ಉಳಿದವು

ರೈಪಿಸೆಫಾಲಸ್ ಹೀಮಾಫೈಸಲಾಯ್ಡಿಸ್ ಕಾಡಂಚಿನ ದನಗಳಲ್ಲಿ ಮಳೆಗಾಲದಲ್ಲಿ ಸಿಗುತ್ತದೆ. ನಾಯಿಯ ಉಣ್ಣೆಯಾದ ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್ ಮನೆಯೊಳಗೇ ವರ್ಷಪೂರ್ತಿ ಬದುಕುತ್ತದೆ, ಒಮ್ಮೊಮ್ಮೆ ಕುರಿಮೇಕೆಗಳನ್ನೂ ಹತ್ತುತ್ತದೆ. ಎಮ್ಮೆಗಳ ಮೇಲೆ ನೊಸೊಮ ಮಾನ್‌ಸ್ಟ್ರೋಸಮ್ ಕಾಣುವುದುಂಟು. ಕೆಸರಿನಲ್ಲಿ ಹೊರಳುವ ಎಮ್ಮೆಗೆ ಒಟ್ಟಾರೆ ಉಣ್ಣೆಯ ಕಾಟ ದನಕ್ಕಿಂತ ಕಡಿಮೆ. ಕೋಳಿಗೂಡುಗಳ ಮೃದುಮೈಯ ಉಣ್ಣೆ ಆರ್ಗಸ್ ಪರ್ಸಿಕಸ್ ಹಗಲು ಗೂಡಿನ ಸಂದಿನಲ್ಲಿದ್ದು ರಾತ್ರಿ ಬಂದು ರಕ್ತ ಕುಡಿಯುತ್ತದೆ. ಅದು ಊಟವಿಲ್ಲದೆ ಬಹು ಕಾಲ ತಾಳಿಕೊಳ್ಳಬಲ್ಲದು, ಹೀಗಾಗಿ ಖಾಲಿ ಬಿಟ್ಟ ಗೂಡೂ ನಿರಪಾಯವಲ್ಲ.

ಉಣ್ಣೆಯ ಋತು, ರೋಗದ ಋತು

ಉಣ್ಣೆ ರೋಗ ಹರಡುತ್ತದೆಂದು ಮೊದಲು ಸಾಧಿಸಿದವರು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಎಫ್. ಎಲ್. ಕಿಲ್‌ಬೋರ್ನ್. ಟೆಕ್ಸಸ್ ಜ್ವರಕ್ಕೂ ದನದ ಉಣ್ಣೆಗೂ ಇರುವ ನಂಟನ್ನು 1893ರಲ್ಲಿ ಅವರು ಪ್ರಕಟಿಸಿದರು. ಸೊಳ್ಳೆ ಮಲೇರಿಯ ತರುತ್ತದೆಂದು ರೊನಾಲ್ಡ್ ರಾಸ್ ತೋರಿಸಿದ್ದು ಅದಾದ ಮೇಲೆ. ಟೆಕ್ಸಸ್ ಜ್ವರವೇ ನಮ್ಮಲ್ಲಿ ಕೆಂಪು ಮೂತ್ರದ ಕಾಯಿಲೆ, ಬಬೇಸಿಯೋಸಿಸ್. ಬಬೇಸಿಯ ಬೈಜೆಮಿನ ಪರಾವಲಂಬಿಯನ್ನು ಮೈಕ್ರೊಪ್ಲಸ್ ಹೆಣ್ಣು ತನ್ನ ಮೊಟ್ಟೆಗಳ ಮೂಲಕ ಮಕ್ಕಳಿಗೆ ದಾಟಿಸುತ್ತದೆ. ಅದು ದನಕ್ಕೆ ಅಂಟುವುದು ಮುಂದಿನ ತಲೆಮಾರು ಕಚ್ಚಿದಾಗ. ಥೈಲೇರಿಯ ಹಾಗಲ್ಲ. ಹಯಲೋಮದ ಲಾರ್ವ ಅಥವಾ ನಿಂಫ್ ರೋಗಿಯ ರಕ್ತದಲ್ಲಿ ಅದನ್ನು ಕುಡಿದು, ಪೊರೆ ಕಳಚಿದ ಮೇಲಿನ ಹಂತದಲ್ಲಿ ಇನ್ನೊಂದು ಪ್ರಾಣಿಗೆ ಕೊಡುತ್ತದೆ. ಮೊಟ್ಟೆಗೆ ಅದು ಇಳಿಯುವುದಿಲ್ಲ. ಅಂದರೆ ಮೈಕ್ರೊಪ್ಲಸ್‌ನಲ್ಲಿ ರೋಗ ತಲೆಮಾರಿನಿಂದ ತಲೆಮಾರಿಗೆ ಸಾಗಿದರೆ ಹಯಲೋಮದಲ್ಲಿ ಹಂತದಿಂದ ಹಂತಕ್ಕೆ ಸಾಗುತ್ತದೆ. ಇದರ ಮೇಲೆ ರೋಗ ಮೈಯಲ್ಲಿ ಬೆಳೆಯಲು ಬೇಕಾದ ಒಂದೆರಡು ವಾರ ಸೇರಿದರೆ, ಉಣ್ಣೆ ಹೆಚ್ಚಾದ ಕಾಲಕ್ಕೂ ಹಸು ಮಲಗುವ ಕಾಲಕ್ಕೂ ನಡುವೆ ಅಂತರ ಬೀಳುತ್ತದೆ. ಹಸು ಜ್ವರದಲ್ಲಿರುವಾಗ ಮೈಮೇಲೆ ಉಣ್ಣೆ ಕಾಣಲಿಲ್ಲವೆಂದು ಉಣ್ಣೆಜ್ವರವಲ್ಲ ಎನ್ನುವಂತಿಲ್ಲ.

ಹತೋಟಿ

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್, ಫ್ಲುಮೆಥ್ರಿನ್, ಐವರ್‌ಮೆಕ್ಟಿನ್ ಇಂದು ಬಳಕೆಯಲ್ಲಿರುವ ಔಷಧಗಳು. ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಬಿಎಚ್‌ಸಿ ಪುಡಿ 1997ರಲ್ಲಿ ನಿಷೇಧವಾಯಿತು. ಪೈರೆಥ್ರಾಯ್ಡ್ ಗುಂಪಿನ ಔಷಧಗಳಿಗೆ ಮೈಕ್ರೊಪ್ಲಸ್ ಭಾರತದ ಹಲವು ಕಡೆ ಬಗ್ಗದಾಗಿದೆ. ಕಡಿಮೆ ಪ್ರಮಾಣದಲ್ಲಿ ಬೆರೆಸುವುದು, ಮೇಲಿಂದ ಮೇಲೆ ಒಂದೇ ಔಷಧ ಬಳಸುವುದು, ಬೆನ್ನಿಗೆ ಸಿಂಪಡಿಸಿ ತೊಡೆಸಂದು, ಕೆಚ್ಚಲುಗಳನ್ನು ಬಿಡುವುದು ಇದಕ್ಕೆ ದಾರಿ ಮಾಡಿವೆ. ಹಾಲು ಕೊಡುವ ಹಸುವಿಗೆ ಔಷಧ ಹಾಕಿದರೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಹಾಲನ್ನು ಬಳಸದೆ ಬಿಡಬೇಕು. ಪೈರೆಥ್ರಾಯ್ಡ್‌ಗಳು ಮೀನಿಗೆ ವಿಷ, ಆದ್ದರಿಂದ ಕೆರೆಯ ಬಳಿ ದನ ತೊಳೆದು ಸಿಂಪಡಿಸಬಾರದು. ಮೈಕ್ರೊಪ್ಲಸ್ ವಿರುದ್ಧ ಬಿಎಂ86 ಎಂಬ ಪ್ರೋಟೀನಿನ ಲಸಿಕೆಗಳು 1990ರ ದಶಕದಲ್ಲಿ ಆಸ್ಟ್ರೇಲಿಯ ಮತ್ತು ಕ್ಯೂಬಾದಲ್ಲಿ ಬಂದವು. ನಮ್ಮ ರೈತನ ಕೈಗೆ ಅಂಥದೊಂದು ಇನ್ನೂ ಸುಲಭವಾಗಿ ದಕ್ಕಿಲ್ಲ. ಬೇವಿನೆಣ್ಣೆ, ಹೊಂಗೆಯೆಣ್ಣೆ, ಸೀತಾಫಲದ ಬೀಜದ ಲೇಪಗಳು ಹಳ್ಳಿಗಳಲ್ಲಿ ಬಳಕೆಯಲ್ಲಿವೆ, ಸಣ್ಣ ಕಾಟಕ್ಕೆ ಸಹಾಯಕವಾಗುತ್ತವೆ. ತಂಬಾಕಿನ ಕಷಾಯ ಮಾತ್ರ ದನಕ್ಕೂ ಬಳಿಯುವವರಿಗೂ ವಿಷವಾಗಬಲ್ಲದು.

ಔಷಧ ಯಾವುದೇ ಇರಲಿ, ಯಾವ ತಿಂಗಳಲ್ಲಿ ಹಾಕಿದೆವೆಂಬುದು ದೊಡ್ಡ ಮಾತು. ಮೈಕ್ರೊಪ್ಲಸ್ ಇರುವಲ್ಲಿ ಮಳೆಗೆ ಮುಂಚೆಯೇ, ಉಣ್ಣೆ ವಿರಳವಾಗಿರುವಾಗ ಶುರು ಮಾಡಿ ಮೂರು ವಾರಕ್ಕೊಮ್ಮೆ ಎರಡು ಮೂರು ಸಲ ಮರುಬಳಕೆ ಮಾಡಿದರೆ ಹೊಸದಾಗಿ ಹತ್ತಿದ ಲಾರ್ವಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತವೆ. ಹೊಟ್ಟೆ ತುಂಬಿದ ಹೆಣ್ಣುಗಳು ಹೆಚ್ಚಾಗಿ ಉದುರುವುದು ಬೆಳಗಿನ ಹೊತ್ತು. ಹಾಲು ಕರೆಯುವ ಮುಂಚೆ ದನದ ಮೈ ತಡವಿ ದಪ್ಪನೆಯವನ್ನು ಚಿಮುಟದಿಂದ ಕಿತ್ತು ಸಾಬೂನು ನೀರಿಗೋ ಬೆಂಕಿಗೋ ಹಾಕಿದರೆ ಒಂದೊಂದಕ್ಕೂ ಸಾವಿರಾರು ಮೊಟ್ಟೆ ಕಡಿಮೆಯಾಗುತ್ತವೆ. ಹಿತ್ತಲಲ್ಲಿ ಬಿಟ್ಟ ನಾಟಿ ಕೋಳಿ, ಮೇಯುವ ದನದ ಬೆನ್ನೇರುವ ಗೊರವಂಕಗಳೂ ಇದೇ ಕೆಲಸ ಮಾಡುತ್ತವೆ. ಜಾತ್ರೆಯಿಂದಲೋ ಸಂತೆಯಿಂದಲೋ ಕೊಂಡು ತಂದ ದನವನ್ನು ನೇರ ಕೊಟ್ಟಿಗೆಗೆ ಕಟ್ಟದೆ ಎರಡು ಮೂರು ವಾರ ಬೇರೆ ಇಟ್ಟು, ಮೈ ನೋಡಿ, ಔಷಧ ಹಾಕಿ ಒಳಗೆ ಬಿಡುವುದು ಮೇಲು. ಬಯಲುಸೀಮೆಯಿಂದ ಬಂದ ಜೋಡಿ ಎತ್ತಿನ ಮೈಯಲ್ಲಿ ಹಯಲೋಮ ಇದ್ದರೆ, ಅದು ಹಿಂದೆ ಇಲ್ಲದ ಕೊಟ್ಟಿಗೆಯ ಗೋಡೆಯಲ್ಲಿ ಮುಂದಿನ ಬೇಸಿಗೆಯವರೆಗೂ ಕಾದಿರುತ್ತದೆ.